ರಿಪೇರಿಯಾದ ಪಿಕಪ್ ಗಾಡಿಯಲ್ಲಿ ಸೋರಿಕೆ: ಮೂಲವನ್ನು ಪತ್ತೆ ಮಾಡುವ ಕ್ರಮ

(ರೈತರ ಯಂತ್ರೋಪಕರಣ ತರಬೇತಿಯಲ್ಲಿ ಮಾಡಿದ ಭಾಷಣ)



ಎತ್ತಿನ ಗಾಡಿಯ ಕಾಲದಲ್ಲಿ ಗಾಲಿಯ ಗುಂಬದಿಂದ ಕೀಲೆಣ್ಣೆ ತೊಟ್ಟಿಕ್ಕಿದರೆ ಯಾರೂ ಚಿಂತೆ ಮಾಡುತ್ತಿರಲಿಲ್ಲ. ಗಾಡಿಗೆ ಎಣ್ಣೆ ಹಾಕಿದ್ದಾರೆ ಎಂಬುದಕ್ಕೆ ಅದೇ ಗುರುತಾಗಿತ್ತು. ಇಂದು ಎಷ್ಟೋ ಹಳ್ಳಿಗಳಲ್ಲಿ ಆ ಗಾಡಿಯ ಜಾಗವನ್ನು ಡೀಸೆಲ್ ಪಿಕಪ್ ಹಿಡಿದಿದೆ. ಕೋಲಾರದ ಮಾರುಕಟ್ಟೆಗೆ ಟೊಮೆಟೊ, ಹಾಸನದ ಕಡೆಯಿಂದ ಆಲೂಗಡ್ಡೆ ಮತ್ತು ಶುಂಠಿ, ಊರೂರಿನ ಹೂವು, ಸೊಪ್ಪು, ಹಾಲು ಎಲ್ಲವೂ ಇದರಲ್ಲೇ ಸಾಗುತ್ತವೆ. ಈ ಗಾಡಿಯಲ್ಲಿ ಒಂದು ಹನಿ ಕೆಳಗೆ ಬಿದ್ದರೂ ಅದನ್ನು ಗಮನಿಸಬೇಕು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. 10 ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ಒಂದು ದಿನಕ್ಕೆ 8,640 ಹನಿಗಳಾಗುತ್ತವೆ. 30 ಹನಿಗೆ 1 ಮಿಲಿಲೀಟರ್ ಎಂದು ಹಿಡಿದರೂ ಇದು ಕಾಲು ಲೀಟರಿಗಿಂತ ಹೆಚ್ಚು.

ನಾನು ಇಂದು ಮಾತನಾಡಲಿರುವುದು ದೊಡ್ಡ ರಿಪೇರಿಯಾದ ಮೇಲೆ ಕಾಣಿಸಿಕೊಳ್ಳುವ ಸೋರಿಕೆಯ ಬಗ್ಗೆ. ಎಂಜಿನ್ ಬಿಚ್ಚಿ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸಿರುತ್ತೀರಿ. ಅಥವಾ ಗೇರ್ ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಬದಲಾಯಿಸಿರುತ್ತೀರಿ. ಹತ್ತಾರು ಸಾವಿರ ರೂಪಾಯಿ ಖರ್ಚಾಗಿದೆ. ಗಾಡಿ ಮನೆಗೆ ಬಂದ ಮರುದಿನ ಬೆಳಿಗ್ಗೆ ನೋಡಿದರೆ ಅಡಿಯಲ್ಲಿ ಅಂಗೈಯಗಲದ ಕಲೆ! ಇಂತಹ ಸಮಯದಲ್ಲಿ ಜನ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. "ಹೊಸ ಕೆಲಸ, ತಾನೇ ಸರಿಹೋಗುತ್ತದೆ" ಎಂದು ಸುಮ್ಮನಾಗುವುದು ಒಂದು. ಆ ದಿನವೇ ಮತ್ತೊಬ್ಬ ಮಿಸ್ತ್ರಿಯಿಂದ ಎಲ್ಲವನ್ನೂ ಬಿಚ್ಚಿಸುವುದು ಇನ್ನೊಂದು. ಎರಡರಲ್ಲೂ ನಷ್ಟವಿದೆ. ಮೊದಲನೆಯದರಲ್ಲಿ ಎಂಜಿನ್ ಕೆಡಬಹುದು. ಎರಡನೆಯದರಲ್ಲಿ ಒಂದೇ ಕೆಲಸಕ್ಕೆ ಎರಡು ಸಲ ಹಣ ತೆತ್ತು, ಮೂಲ ದೋಷ ಹಾಗೆಯೇ ಉಳಿಯಬಹುದು.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಸೋರುತ್ತಿರುವುದು ಯಾವ ದ್ರವ? ರಿಪೇರಿಯಲ್ಲಿ ಯಾವ ಯಾವ ಭಾಗಗಳನ್ನು ಬಿಚ್ಚಿದ್ದರು? ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು ಯಾವುದು? ಯಾವ ಹೊತ್ತಿನಲ್ಲಿ ಸೋರುತ್ತದೆ? ಈ ನಾಲ್ಕು ತಿಳಿದರೆ ಬಹುಪಾಲು ಸೋರಿಕೆಗಳ ಮೂಲ ಸಿಕ್ಕಂತೆಯೇ.

ಮೊದಲು ತೀರ್ಮಾನಿಸಬೇಕಾದದ್ದು: ಗಾಡಿ ಓಡಿಸಬಹುದೇ?

ಕೆಲವು ಸೋರಿಕೆಗಳಿದ್ದರೆ ಗಾಡಿಯನ್ನು ಕದಲಿಸಲೇಬಾರದು. ಅವು ಇಂತಿವೆ.

1. ಬ್ರೇಕ್ ಆಯಿಲ್ ಸೋರಿಕೆ. ಪೆಡಲ್ ಮೆತ್ತಗಾಗಿದ್ದರೆ, ಅಥವಾ ಯಾವುದಾದರೂ ಚಕ್ರದ ಒಳಮಗ್ಗುಲು ಒದ್ದೆಯಾಗಿದ್ದರೆ ಗಾಡಿ ನಿಂತಲ್ಲೇ ನಿಲ್ಲಲಿ. ತುಂಬಿದ ಹೊರೆಯೊಂದಿಗೆ ಶಿರಾಡಿ ಅಥವಾ ಚಾರ್ಮಾಡಿ ಘಟ್ಟ ಇಳಿಯುವಾಗ ಬ್ರೇಕ್ ಕೈಕೊಟ್ಟರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

2. ಡೀಸೆಲ್ ಸೋರಿಕೆ. ಬಿಸಿ ಸೈಲೆನ್ಸರ್ ಕೊಳವೆಯ ಮೇಲೋ ಟರ್ಬೋ ಮೇಲೋ ಡೀಸೆಲ್ ಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು. ಹುಲ್ಲು ಸಾಗಿಸುವ ಗಾಡಿಯಲ್ಲಂತೂ ಅಪಾಯ ಇಮ್ಮಡಿ.

3. ಎಂಜಿನ್ ಚಾಲೂ ಇರುವಾಗ ಆಯಿಲ್ ಒತ್ತಡದ ಕೆಂಪು ದೀಪ ಉರಿದರೆ ಆ ಕ್ಷಣವೇ ಎಂಜಿನ್ ನಿಲ್ಲಿಸಬೇಕು. "ಮನೆ ಹತ್ತಿರವೇ ಇದೆ" ಎಂದು ಒಂದು ಮೈಲಿ ಓಡಿಸಿದರೆ ಹೊಸ ಬೇರಿಂಗುಗಳು ಅಷ್ಟರಲ್ಲಿಯೇ ಹಾಳಾಗಬಹುದು.

4. ತಾಪಮಾನ ಸೂಚಿಯ ಮುಳ್ಳು ಮೇಲೇರುತ್ತಿದ್ದರೆ, ಅಥವಾ ಕೂಲಂಟ್ ಧಾರೆಯಾಗಿ ಸುರಿಯುತ್ತಿದ್ದರೆ ಆಗಲೂ ನಿಲ್ಲಿಸಬೇಕು. ಎಂಜಿನ್ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ತೆಗೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಇವು ಯಾವುವೂ ಇಲ್ಲದೆ ಸಣ್ಣಗೆ ಜಿನುಗುತ್ತಿದ್ದರೆ, ಮಟ್ಟ ನೋಡಿಕೊಂಡು, ಸಾವಧಾನವಾಗಿ ಪರೀಕ್ಷೆ ಮಾಡಲು ಕಾಲಾವಕಾಶ ಇದೆ.

ಯಾವ ದ್ರವ?

ರಾತ್ರಿ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಅಡಿಯಲ್ಲಿ ಬಿಳಿ ಕಾಗದ ಅಥವಾ ಬಿಚ್ಚಿದ ರಟ್ಟಿನ ಪೆಟ್ಟಿಗೆಯನ್ನು ಹಾಸಿರಿ. ಮುಂದಿನ ಚಕ್ರಗಳು, ಎಂಜಿನ್, ಗೇರ್ ಬಾಕ್ಸ್ ಎಲ್ಲಿ ಬರುತ್ತವೆ ಎಂದು ಅದರ ಮೇಲೆ ಗುರುತು ಹಾಕಿಕೊಳ್ಳಿ. ಬೆಳಿಗ್ಗೆ ಕಲೆಯ ಬಣ್ಣ, ವಾಸನೆ, ಜಿಡ್ಡು ನೋಡಿರಿ. ನಾಲಿಗೆಗೆ ಮಾತ್ರ ಯಾವುದನ್ನೂ ಮುಟ್ಟಿಸಬೇಡಿ.

ಎಂಜಿನ್ ಆಯಿಲ್ ಹೊಸತಾಗಿದ್ದಾಗ ಜೇನಿನ ಬಣ್ಣದ್ದು. ಡೀಸೆಲ್ ಎಂಜಿನ್ನಿನಲ್ಲಿ ಸ್ವಲ್ಪ ಓಡಿದೊಡನೆ ಮಸಿ ಸೇರಿ ಕಪ್ಪಾಗುತ್ತದೆ. ಗೇರ್ ಆಯಿಲ್ ಇದಕ್ಕಿಂತ ಮಂದ. ಅದರಲ್ಲಿ ಗಂಧಕದ ಅಂಶ ಸೇರಿರುವುದರಿಂದ ಕಟುವಾದ ವಾಸನೆಯಿಂದಲೇ ಗುರುತು ಹಿಡಿಯಬಹುದು. ಓವರ್‌ಹಾಲ್ ಆದ ಮೊದಲ ದಿನ ಎಂಜಿನ್ ಆಯಿಲ್ ಕೂಡ ತಿಳಿಯಾಗಿಯೇ ಇರಬಹುದಾದ್ದರಿಂದ, ಆಗ ಬಣ್ಣವನ್ನು ನಂಬದೆ ವಾಸನೆ ಮತ್ತು ಜಿಡ್ಡನ್ನು ನೋಡಬೇಕು.

ಡೀಸೆಲ್ ತೆಳ್ಳಗಿರುತ್ತದೆ. ಕಾಗದದ ಮೇಲೆ ಅಗಲವಾಗಿ ಹರಡುತ್ತದೆ. ವಾಸನೆ ಎಲ್ಲರಿಗೂ ಪರಿಚಿತ. ಕೂಲಂಟ್ ಹಸಿರು, ಗುಲಾಬಿ, ನೀಲಿ ಇತ್ಯಾದಿ ಬಣ್ಣಗಳಲ್ಲಿ ಬರುತ್ತದೆ. ಸ್ವಲ್ಪ ಸಿಹಿ ವಾಸನೆ ಇರುತ್ತದೆ. ಬಿಸಿ ಎಂಜಿನ್ನಿನ ಮೇಲೆ ಜಿನುಗಿದರೆ ನೀರು ಆರಿಹೋಗಿ, ಬಣ್ಣದ ಹಕ್ಕಳೆ ಮಾತ್ರ ಉಳಿಯುತ್ತದೆ. ಪವರ್ ಸ್ಟೀರಿಂಗ್ ಆಯಿಲ್ ಅನೇಕ ಗಾಡಿಗಳಲ್ಲಿ ಕೆಂಪಾಗಿರುತ್ತದೆ.

ಬ್ರೇಕ್ ಆಯಿಲ್ ಎಂಬ ಹೆಸರಿದ್ದರೂ ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ಬಗೆಗಳು ಎಣ್ಣೆಯಲ್ಲ. ಅವು ನೀರಿನಲ್ಲಿ ಬೆರೆಯುತ್ತವೆ, ಬಣ್ಣವನ್ನು ಕಿತ್ತುಹಾಕುತ್ತವೆ. ಅನುಮಾನ ಬಂದಾಗ ಒಂದು ಸುಲಭ ಪರೀಕ್ಷೆ ಮಾಡಬಹುದು. ಕೆಲಸಕ್ಕೆ ಬಾರದ ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಎರಡು ಹನಿ ಹಾಕಿ ಕಲಕಿರಿ. ಎಂಜಿನ್ ಆಯಿಲ್, ಗೇರ್ ಆಯಿಲ್, ಡೀಸೆಲ್ ಇವು ತೇಲುತ್ತವೆ. ಬ್ರೇಕ್ ಆಯಿಲ್ ಮತ್ತು ಕೂಲಂಟ್ ನೀರಿನಲ್ಲಿ ಬೆರೆತುಹೋಗುತ್ತವೆ.

2020ರ ನಂತರ ಬಂದ ಬಿಎಸ್ 6 ಮಾದರಿಯ ಕೆಲವು ಡೀಸೆಲ್ ಗಾಡಿಗಳಲ್ಲಿ ಹೊಗೆ ಶುದ್ಧಿಗೆಂದು ಯೂರಿಯಾ ದ್ರಾವಣದ ಪ್ರತ್ಯೇಕ ಟ್ಯಾಂಕ್ ಇರುತ್ತದೆ. ಇದು ಶೇಕಡ 32.5ರಷ್ಟು ಶುದ್ಧ ಯೂರಿಯಾ ಇರುವ ನೀರು. ಸೋರಿ ಆರಿದಲ್ಲಿ ಬಿಳಿಯ ಹರಳು ಕಟ್ಟುತ್ತದೆ. ಹೊಲಕ್ಕೆ ಹಾಕುವ ಯೂರಿಯಾ ಕರಗಿಸಿ ಈ ಟ್ಯಾಂಕಿಗೆ ಹಾಕಬಾರದು. ಅದರಲ್ಲಿನ ಕಲ್ಮಶಗಳಿಂದ ಬೆಲೆಬಾಳುವ ಭಾಗಗಳು ಹಾಳಾಗುತ್ತವೆ. ಇನ್ನು ಏರ್ ಕಂಡೀಷನ್ ಇರುವ ಗಾಡಿಯಲ್ಲಿ ಕ್ಯಾಬಿನ್ನಿನ ಕೆಳಗೆ ಬೀಳುವ ತಿಳಿನೀರು ಸೋರಿಕೆಯೇ ಅಲ್ಲ.

ಸೋರಿಕೆಯಂತೆ ಕಾಣುವ ಇನ್ನೂ ಮೂರು ಸಂಗತಿಗಳನ್ನು ಇಲ್ಲಿಯೇ ಹೇಳುತ್ತೇನೆ. ರಿಪೇರಿ ಮಾಡುವಾಗ ಚೆಲ್ಲಿದ ಆಯಿಲ್ ಚಾಸಿಯ ಅಡ್ಡಪಟ್ಟಿಗಳಲ್ಲಿ ನಿಂತು ನಾಲ್ಕಾರು ದಿನ ತೊಟ್ಟಿಕ್ಕುತ್ತಿರಬಹುದು. ಹೊಸದಾಗಿ ತುಂಬಿದ ಕೂಲಂಟ್‌ನಲ್ಲಿ ಸಿಕ್ಕಿಕೊಂಡ ಗಾಳಿ ಹೊರಬಂದಾಗ ಡಬ್ಬಿಯ ಮಟ್ಟ ಸ್ವಲ್ಪ ಇಳಿಯುತ್ತದೆ. ಎರಡು ಮೂರು ಸಲ ಎಂಜಿನ್ ಬಿಸಿಯಾಗಿ ಆರಿದ ಮೇಲೂ ಇಳಿಯುತ್ತಲೇ ಇದ್ದರೆ ಮಾತ್ರ ಸೋರಿಕೆ ಎಂದು ತಿಳಿಯಬೇಕು. ಹೊಸ ರಿಂಗುಗಳು ಹೊಂದಿಕೊಳ್ಳುವ ತನಕ ಎಂಜಿನ್ ಸ್ವಲ್ಪ ಆಯಿಲ್ ಸುಡುವುದೂ ಉಂಟು.

ರಿಪೇರಿಯಲ್ಲಿ ಏನೇನು ಬಿಚ್ಚಿದ್ದರು?

ರಿಪೇರಿಗೆ ಮೊದಲು ಇಲ್ಲದ ಸೋರಿಕೆ ಆಮೇಲೆ ಬಂದಿದ್ದರೆ, ಬಿಚ್ಚಿ ಜೋಡಿಸಿದ ಜಾಗಗಳ ಮೇಲೆ ಮೊದಲ ಅನುಮಾನ. ಬಿಲ್ಲನ್ನು ಮುಂದಿಟ್ಟುಕೊಂಡು ಪಟ್ಟಿ ಮಾಡಿರಿ.

ಎಂಜಿನ್ ಓವರ್‌ಹಾಲ್ ಆಗಿದ್ದರೆ ಟ್ಯಾಪೆಟ್ ಕವರ್, ಹೆಡ್ ಗ್ಯಾಸ್ಕೆಟ್, ಆಯಿಲ್ ಚೇಂಬರ್, ಟೈಮಿಂಗ್ ಕವರ್, ಕ್ರ್ಯಾಂಕಿನ ಮುಂದಿನ ಮತ್ತು ಹಿಂದಿನ ಆಯಿಲ್ ಸೀಲ್‌ಗಳು, ವಾಟರ್ ಪಂಪ್, ರಬ್ಬರ್ ಹೋಸ್‌ಗಳು, ಡೀಸೆಲ್ ಪೈಪುಗಳು, ಟರ್ಬೋಗೆ ಹೋಗುವ ಮತ್ತು ಮರಳುವ ಆಯಿಲ್ ಪೈಪುಗಳು ಇವೆಲ್ಲವೂ ಪಟ್ಟಿಯಲ್ಲಿ ಬರುತ್ತವೆ. ನಮ್ಮ ಅನೇಕ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೆ ಕೂತಿರುತ್ತದೆ. ಅದಕ್ಕೂ ಎಂಜಿನ್ ಆಯಿಲ್ ಪೈಪುಗಳು ಇರುತ್ತವೆ. ಇವನ್ನು ಮರೆಯುವವರು ಬಹಳ. ಕ್ಲಚ್ ಕೆಲಸವಾಗಿದ್ದರೆ ಗೇರ್ ಬಾಕ್ಸಿನ ಮುಂದಿನ ಸೀಲ್, ಪ್ರೊಪೆಲ್ಲರ್ ಶಾಫ್ಟ್ ಸೇರುವ ಹಿಂದಿನ ಸೀಲ್, ಕ್ಲಚ್ಚಿನ ಸಿಲಿಂಡರ್ ಮತ್ತು ಅದರ ಪೈಪುಗಳನ್ನು ನೋಡಬೇಕು.

ಹೊಸ ಜೋಡಣೆ ಸೋರುವುದಕ್ಕೆ ಸಾಮಾನ್ಯ ಕಾರಣಗಳನ್ನು ಹೇಳುತ್ತೇನೆ.

ಹಳೆಯ ಗ್ಯಾಸ್ಕೆಟ್‌ನ ತುಣುಕು ಪೂರ್ತಿ ಕೆರೆಯದೆ ಉಳಿದಿರುವುದು. ಆಯಿಲ್ ಫಿಲ್ಟರ್ ಬದಲಾಯಿಸುವಾಗ ಹಳೆಯ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸ ಉಂಗುರ ಕೂತಿರುವುದು. ಬೋಲ್ಟುಗಳನ್ನು ಅತಿಯಾಗಿ ಬಿಗಿದುದರಿಂದ ತಗಡಿನ ಚೇಂಬರಿನ ಅಂಚು ಸೊಟ್ಟಗಾಗಿರುವುದು. ತಾಮ್ರದ ವಾಷರುಗಳನ್ನು ಬದಲಾಯಿಸದೆ ಹಳೆಯವನ್ನೇ ಹಾಕಿರುವುದು. ಅಂಟಿನ ಪೇಸ್ಟ್ ಗಟ್ಟಿಯಾಗುವ ಮೊದಲೇ ಆಯಿಲ್ ತುಂಬಿ ಎಂಜಿನ್ ಚಾಲೂ ಮಾಡಿರುವುದು. ಸಿಲಿಕೋನ್ ಪೇಸ್ಟ್ ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ ಬೇಕು. "ಸಂಜೆಗೇ ಗಾಡಿ ಬೇಕು" ಎಂದು ನಾವೇ ಅವಸರಪಡಿಸಿದರೆ ಮಿಸ್ತ್ರಿಯದೊಂದೇ ತಪ್ಪಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಆಯಿಲ್ ಸೀಲ್ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಸೀಲಿನ ತುಟಿ ಮಡಚಿಕೊಂಡರೆ ಅಥವಾ ಶಾಫ್ಟಿನ ಹಲ್ಲಿಗೆ ತಗುಲಿ ಸೀಳಿದರೆ ಹೊಸ ಸೀಲೂ ಸೋರುತ್ತದೆ. ಸ್ಪ್ರಿಂಗ್ ಇರುವ ಮಗ್ಗುಲು ಆಯಿಲ್ ಇರುವ ಕಡೆಗೆ ಬರಬೇಕು. ಸಾಮಾನ್ಯ ರಬ್ಬರ್ ಸೀಲಿನ ತುಟಿಗೆ ಆಯಿಲ್ ಸವರಿ ಕೂರಿಸಬೇಕು. ಕೆಲವು ಹೊಸ ಬಗೆಯ ಸೀಲ್‌ಗಳನ್ನು ಮಾತ್ರ ಆಯಿಲ್ ಸವರದೆ ಒಣದಾಗಿಯೇ ಕೂರಿಸಬೇಕೆಂದು ತಯಾರಕರು ಸೂಚಿಸುತ್ತಾರೆ. ಶಾಫ್ಟಿನ ಮೇಲೆ ಹಳೆಯ ಸೀಲು ಸವೆಸಿದ ಗಾಡಿ ಇದ್ದರೆ, ಉಗುರು ಆಡಿಸಿದಾಗ ಅದು ಸಿಕ್ಕುತ್ತದೆ. ಹಾಗಿದ್ದಾಗ ಎಷ್ಟು ಸೀಲ್ ಬದಲಾಯಿಸಿದರೂ ಪ್ರಯೋಜನವಿಲ್ಲ. ಶಾಫ್ಟನ್ನೇ ಸರಿಪಡಿಸಬೇಕು, ಅಥವಾ ಅದಕ್ಕೆಂದೇ ಬರುವ ತೆಳು ಬಳೆಯನ್ನು ತೊಡಿಸಬೇಕು.

ತೊಳೆದು, ಒಣಗಿಸಿ, ನೋಡಿರಿ

ನೆಲದ ಮೇಲೆ ಹನಿ ಬಿದ್ದ ಜಾಗವೇ ಸೋರಿಕೆಯ ಮೂಲ ಎಂದು ತಿಳಿಯಬಾರದು. ಹೆಂಚಿನ ಮನೆಯಲ್ಲಿ ಮಳೆನೀರು ಒಡೆದ ಹೆಂಚಿನ ನೇರಕ್ಕೆ ಬೀಳುವುದಿಲ್ಲ. ರೀಪಿನ ಗುಂಟ ಇಳಿದು ಎಲ್ಲೋ ಹನಿಯುತ್ತದೆ. ಎಂಜಿನ್ನಿನಲ್ಲಿಯೂ ಹಾಗೆಯೇ. ಆಯಿಲ್ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಒದ್ದೆಯಾದ ಭಾಗಗಳಲ್ಲಿ ಅತ್ಯಂತ ಮೇಲೆ ಮತ್ತು ಅತ್ಯಂತ ಮುಂದೆ ಇರುವ ಜಾಗವನ್ನು ಹುಡುಕಬೇಕು. ಇದೊಂದು ಸೂತ್ರವನ್ನು ನೆನಪಿಟ್ಟರೆ ಅರ್ಧ ಕೆಲಸ ಆದಂತೆ.

ಪರೀಕ್ಷೆಯ ಕ್ರಮ ಹೀಗಿದೆ.

ಎಂಜಿನ್ ತಣ್ಣಗಿರುವಾಗ ಆಲ್ಟರ್ನೇಟರ್, ಸ್ಟಾರ್ಟರ್, ಗಾಳಿ ಎಳೆಯುವ ಬಾಯಿ ಮತ್ತು ವಿದ್ಯುತ್ ಕನೆಕ್ಟರುಗಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿರಿ. ಸ್ವಲ್ಪ ಡೀಸೆಲ್ ಹಚ್ಚಿದ ಬ್ರಷ್‌ನಿಂದ ಜಿಡ್ಡನ್ನು ಉಜ್ಜಿ, ಸೋಪಿನ ನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿರಿ. ಪೆಟ್ರೋಲ್ ಬಳಸಬೇಡಿ. ರಭಸದ ನೀರಿನ ಧಾರೆಯನ್ನೂ ವಿದ್ಯುತ್ ಭಾಗಗಳ ಕಡೆ ಹಾಯಿಸಬೇಡಿ. ಅಡಿಯಲ್ಲಿ ನುಗ್ಗಿ ನೋಡಬೇಕಾದಾಗ ಚಕ್ರಗಳಿಗೆ ಅಡೆ ಕೊಟ್ಟು, ಗಟ್ಟಿಯಾದ ಸ್ಟ್ಯಾಂಡ್ ಇಡಬೇಕು. ಬರೀ ಜಾಕನ್ನು ನಂಬಿ ಗಾಡಿಯ ಕೆಳಗೆ ಮಲಗಬಾರದು.

ಅನುಮಾನದ ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ಅಥವಾ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸಿರಿ. ಎಂಜಿನ್ನನ್ನು 10ರಿಂದ 15 ನಿಮಿಷ ನಿಂತಲ್ಲೇ ಓಡಿಸಿ, ನಿಲ್ಲಿಸಿ, ಟಾರ್ಚ್ ಹಿಡಿದು ನೋಡಿರಿ. ಕೈಗೆಟುಕದ ಕಡೆ ಸಣ್ಣ ಕನ್ನಡಿ ಉಪಯೋಗಕ್ಕೆ ಬರುತ್ತದೆ. ಮೊಬೈಲ್ ಫೋನಿನಲ್ಲಿ ಫೋಟೋ ತೆಗೆದರೂ ಸರಿ. ಏನೂ ಕಾಣದಿದ್ದರೆ 5ರಿಂದ 10 ಕಿಲೋಮೀಟರ್ ಓಡಿಸಿ ಬಂದು ಮತ್ತೆ ನೋಡಿರಿ. ಪುಡಿ ಮೊದಲು ಎಲ್ಲಿ ಒದ್ದೆಯಾಗಿದೆಯೋ ಅದೇ ಮೂಲ. ಇದರಿಂದಲೂ ತಿಳಿಯದಿದ್ದರೆ ದೊಡ್ಡ ಗ್ಯಾರೇಜುಗಳಲ್ಲಿ ಆಯಿಲ್‌ಗೆ ಬಣ್ಣದ ದ್ರವ ಸೇರಿಸಿ ನೇರಳಾತೀತ ದೀಪದಲ್ಲಿ ನೋಡುವ ವಿಧಾನ ಇದೆ. ಕೂಲಂಟ್ ಸೋರಿಕೆಗೆ ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷಿಸುವ ಸಲಕರಣೆ ಇದೆ.

ಯಾವ ಹೊತ್ತಿನಲ್ಲಿ ಸೋರುತ್ತದೆ?

ರಾತ್ರಿ ನಿಂತಾಗ ಮಾತ್ರ ಸೋರಿದರೆ ಚೇಂಬರ್, ಡ್ರೇನ್ ಬೋಲ್ಟ್ ಅಥವಾ ಆಯಿಲ್ ಮಟ್ಟಕ್ಕಿಂತ ಕೆಳಗಿರುವ ಸೀಲ್ ಇವುಗಳ ಮೇಲೆ ಅನುಮಾನ. ಎಂಜಿನ್ ಚಾಲೂ ಆದಾಗ ಮಾತ್ರ ಸೋರಿದರೆ ಒತ್ತಡ ಬೀಳುವ ಜಾಗಗಳು, ಅಂದರೆ ಫಿಲ್ಟರ್, ಒತ್ತಡದ ಸ್ವಿಚ್, ಟರ್ಬೋ ಮತ್ತು ವ್ಯಾಕ್ಯೂಮ್ ಪಂಪಿನ ಆಯಿಲ್ ಪೈಪುಗಳನ್ನು ನೋಡಬೇಕು. ಚಳಿಯ ಬೆಳಗಿನಲ್ಲಿ ಕೂಲಂಟ್ ಜಿನುಗಿ, ಬಿಸಿಯಾದೊಡನೆ ನಿಂತರೆ ಹೋಸಿನ ಕ್ಲಿಪ್ ಸಡಿಲವಿರಬಹುದು. ವಾಟರ್ ಪಂಪಿನ ಕೆಳಮಗ್ಗುಲಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಹನಿ ಬಂದರೆ ಪಂಪಿನ ಒಳಗಿನ ಸೀಲ್ ಹೋಗಿದೆ ಎಂದರ್ಥ. ಆ ತೂತನ್ನು ಮುಚ್ಚುವುದು ಪರಿಹಾರವಲ್ಲ.

ಬೆಲ್ ಹೌಸಿಂಗ್‌ನಿಂದ ಬೀಳುವ ಹನಿ

ಹೆಚ್ಚು ಹಣ ಪೋಲಾಗುವುದು ಇಲ್ಲಿ. ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಬೆಲ್ ಹೌಸಿಂಗ್‌ನ ಕೆಳಗೆ ಹನಿ ಕಂಡ ಕೂಡಲೇ, "ಹಿಂದಿನ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು" ಎಂಬ ಮಾತು ಬರುತ್ತದೆ. ಒಪ್ಪುವ ಮೊದಲು ಯೋಚಿಸಿರಿ. ಆ ಒಂದೇ ಜಾಗದಿಂದ ಮೂರು ಬಗೆಯ ದ್ರವ ಬರಬಹುದು.

ಎಂಜಿನ್ ಆಯಿಲ್ ಬಂದರೆ ಕ್ರ್ಯಾಂಕಿನ ಹಿಂದಿನ ಸೀಲ್ ಇರಬಹುದು, ನಿಜ. ಆದರೆ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಜಿನುಗಿದ ಆಯಿಲ್ ಕೂಡ ಎಂಜಿನ್ನಿನ ಬೆನ್ನಿನ ಗುಂಟ ಇಳಿದು ಇಲ್ಲಿಯೇ ಬೀಳುತ್ತದೆ. ಗೇರ್ ಆಯಿಲ್ ಬಂದರೆ ಗೇರ್ ಬಾಕ್ಸಿನ ಮುಂದಿನ ಸೀಲ್ ಕಾರಣ. ಬ್ರೇಕ್ ಆಯಿಲ್‌ನಂತಹ ದ್ರವ ಬಂದು ಕ್ಲಚ್ ಪೆಡಲ್ ಮೆತ್ತಗಾಗಿದ್ದರೆ ಕ್ಲಚ್ಚಿನ ಸಿಲಿಂಡರ್ ಸೋರುತ್ತಿದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಓವರ್‌ಹಾಲ್ ಆದ ಪಿಕಪ್ಪಿನಲ್ಲಿ ಬೆಲ್ ಹೌಸಿಂಗ್ ಕೆಳಗೆ ಕಪ್ಪು ಹನಿ ಕಾಣುತ್ತಿದೆ ಎಂದಿಟ್ಟುಕೊಳ್ಳಿ. ನೀರಿನಲ್ಲಿ ತೇಲಿತು, ಗಂಧಕದ ವಾಸನೆ ಇಲ್ಲ. ಅಂದರೆ ಎಂಜಿನ್ ಆಯಿಲ್. ತೊಳೆದು ಪುಡಿ ಹಾಕಿ ಓಡಿಸಿದಾಗ ಟ್ಯಾಪೆಟ್ ಕವರಿನ ಹಿಂದಿನ ಅಂಚಿನಲ್ಲಿ ಪುಡಿ ಒದ್ದೆಯಾಗಿ, ಅಲ್ಲಿಂದ ಗೆರೆ ಇಳಿದಿದೆ. ಕವರ್ ತೆಗೆದರೆ ಗ್ಯಾಸ್ಕೆಟ್‌ನ ಒಂದು ಮೂಲೆ ಗಾಡಿಯಿಂದ ಜಾರಿ ಮಡಚಿಕೊಂಡಿದೆ. ಒಂದು ಹೊಸ ಗ್ಯಾಸ್ಕೆಟ್, ಒಂದೆರಡು ಗಂಟೆಯ ಕೆಲಸ. ತೊಳೆಯದೆ ಗೇರ್ ಬಾಕ್ಸ್ ಇಳಿಸಿದ್ದರೆ ಒಂದೆರಡು ದಿನದ ಕೂಲಿ, ಹೊಸ ಸೀಲು, ಅಷ್ಟು ದಿನ ಬಾಡಿಗೆ ಗಾಡಿಯಲ್ಲಿ ಫಸಲು ಸಾಗಿಸುವ ಖರ್ಚು ಎಲ್ಲ ಸೇರಿಯೂ ಹನಿ ನಿಲ್ಲುತ್ತಿರಲಿಲ್ಲ.

ಮೇಲೆ ಎಲ್ಲವೂ ಒಣಗಿದ್ದು, ಬೆಲ್ ಹೌಸಿಂಗ್ ಒಳಗಿನಿಂದಲೇ ಎಂಜಿನ್ ಆಯಿಲ್ ಬರುತ್ತಿದ್ದರೆ ಆಗ ಗೇರ್ ಬಾಕ್ಸ್ ಇಳಿಸಲೇಬೇಕು. ತಡಮಾಡಿದರೆ ಹೊಸ ಕ್ಲಚ್ ಪ್ಲೇಟಿಗೆ ಆಯಿಲ್ ತಗುಲಿ ಅದು ಜಾರತೊಡಗುತ್ತದೆ. ಆದರೆ ಅದಕ್ಕೂ ಮೊದಲು ಇನ್ನೊಂದು ಸಂಗತಿಯನ್ನು ನೋಡಬೇಕು.

ಒಳಗಿನ ಒತ್ತಡ

ಸೀಲ್ ಚೆನ್ನಾಗಿದ್ದರೂ ಎಂಜಿನ್ನಿನ ಒಳಗೆ ಒತ್ತಡ ಹೆಚ್ಚಾದರೆ ಆಯಿಲ್ ಹೊರಕ್ಕೆ ನುಗ್ಗುತ್ತದೆ. ಒಳಗಿನ ಆವಿ ಹೊರಹೋಗಲೆಂದು ಬ್ರೀದರ್ ಪೈಪ್ ಇರುತ್ತದೆ. ಜೋಡಿಸುವಾಗ ಅದು ಮಡಚಿಕೊಂಡಿದ್ದರೆ ಅಥವಾ ಮಸಿಯಿಂದ ಕಟ್ಟಿಕೊಂಡಿದ್ದರೆ ಒಂದಲ್ಲ, ನಾಲ್ಕು ಕಡೆ ಸೋರುತ್ತದೆ. ಒಮ್ಮೆಲೇ ಹಲವು ಕಡೆ ಸೋರಿಕೆ ಕಂಡರೆ ಮೊದಲು ಬ್ರೀದರ್ ನೋಡಿರಿ. ಬ್ರೀದರ್ ಸರಿಯಿದ್ದು, ಎಂಜಿನ್ ನಿಧಾನವಾಗಿ ಓಡುವಾಗ ಆಯಿಲ್ ತುಂಬುವ ಮುಚ್ಚಳವನ್ನು ಎಚ್ಚರಿಕೆಯಿಂದ ಸಡಿಲಿಸಿದರೆ ಹೊಗೆ ರಭಸದಿಂದ ಬುಸುಗುಟ್ಟಿ ಬಂದರೆ, ಪಿಸ್ಟನ್ ರಿಂಗುಗಳನ್ನು ದಾಟಿ ಅನಿಲ ಕೆಳಗಿಳಿಯುತ್ತಿದೆ ಎಂದು ತಿಳಿಯಬೇಕು. ಸಣ್ಣಗೆ ಆವಿ ಬರುವುದು ಸಹಜ.

ಆಯಿಲ್ ಮಟ್ಟ ಹೆಚ್ಚಾಗಿದ್ದರೂ ತೊಂದರೆಯೇ. ಎಂಜಿನ್ ನಿಲ್ಲಿಸಿ 10 ನಿಮಿಷದ ನಂತರ, ಸಮತಟ್ಟು ಜಾಗದಲ್ಲಿ ಡಿಪ್ ಸ್ಟಿಕ್ ನೋಡಿರಿ. ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ಹಿಂದಿನ ಆಕ್ಸಲ್ ಹೌಸಿಂಗ್‌ಗೂ ಒಂದು ಬ್ರೀದರ್ ಇದೆ. ಅದು ಕೆಸರಿನಿಂದ ಮುಚ್ಚಿಕೊಂಡರೆ ಗೇರ್ ಆಯಿಲ್ ಆಕ್ಸಲ್ ಸೀಲನ್ನು ದಾಟಿ ಬ್ರೇಕ್ ಡ್ರಮ್ಮಿನೊಳಕ್ಕೆ ಬರುತ್ತದೆ. ಕೆಸರು ಗದ್ದೆಯ ದಾರಿಯಲ್ಲಿ ಓಡುವ ಗಾಡಿಗಳಿಗೆ ಇದು ಮುಖ್ಯ.

ಹೊರಗೆ ಕಾಣದ ಸೋರಿಕೆ

ಕೂಲಂಟ್ ದಿನದಿನಕ್ಕೆ ಕಡಿಮೆಯಾಗುತ್ತಿದ್ದು ಹೊರಗೆ ಒಂದು ಹನಿಯೂ ಕಾಣದಿದ್ದರೆ ಅದು ಹೆಚ್ಚಿನ ಅಪಾಯದ ಸೂಚನೆ. ಬಿಸಿಯಾದ ಮೇಲೂ ಬಿಳಿ ಹೊಗೆ, ಡಬ್ಬಿಯಲ್ಲಿ ನಿಲ್ಲದ ಗುಳ್ಳೆ, ಡಿಪ್ ಸ್ಟಿಕ್ಕಿನಲ್ಲಿ ಹಾಲು ಬೆರೆತ ಕಾಫಿಯಂತಹ ಆಯಿಲ್ ಇವು ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ ದೋಷದ ಲಕ್ಷಣಗಳು. ಹೆಡ್ಡನ್ನು ನೇರಪಟ್ಟಿ ಇಟ್ಟು ಪರೀಕ್ಷಿಸದೆ ಕೂರಿಸಿದ್ದರೆ, ಅಥವಾ ಬೋಲ್ಟುಗಳನ್ನು ತಯಾರಕರು ಹೇಳಿದ ಅನುಕ್ರಮದಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯದಿದ್ದರೆ ಹೀಗಾಗುತ್ತದೆ. ಆಯಿಲ್‌ನಲ್ಲಿ ನೀರು ಕಂಡರೆ ಎಂಜಿನ್ ಚಾಲೂ ಮಾಡಲೇಬೇಡಿ. ಗಾಡಿಯನ್ನು ಎಳೆಸಿಕೊಂಡು ಹೋಗುವುದೇ ಅಗ್ಗ.

ಮಾಡಬಾರದ ಕೆಲಸಗಳು

ಸೋರಿದ ಕಡೆಯೆಲ್ಲ ಬೋಲ್ಟ್ ಬಿಗಿಯುತ್ತ ಹೋಗಬೇಡಿ. ಮರೆ ಸವೆದು ಹೋದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಜಿಡ್ಡಿನ ಮೇಲೆಯೇ ಪೇಸ್ಟ್ ಬಳಿಯಬೇಡಿ, ಅದು ಹಿಡಿಯುವುದಿಲ್ಲ. ಜೋಡಿಸುವಾಗ ಪೇಸ್ಟನ್ನು ಧಾರಾಳವಾಗಿ ಹಚ್ಚಿದರೂ ಅಪಾಯ. ಒಳಕ್ಕೆ ಹಿಂಡಿಕೊಂಡ ಚೂರುಗಳು ಆಯಿಲ್ ಪಂಪಿನ ಜರಡಿಯನ್ನು ಕಟ್ಟಿಸುತ್ತವೆ. ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ರೂಢಿ ಕೆಲವೆಡೆ ಇದೆ. ಅದರಿಂದ ಸೋರಿಕೆಯ ಜೊತೆ ರೇಡಿಯೇಟರಿನ ಸಣ್ಣ ಕೊಳವೆಗಳೂ ಮುಚ್ಚಿಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು. ಕಾಮನ್ ರೈಲ್ ಡೀಸೆಲ್ ಎಂಜಿನ್ನಿನ ಪೈಪುಗಳಲ್ಲಿ 1,000 ಬಾರ್‌ಗೂ ಮಿಕ್ಕ ಒತ್ತಡ ಇರುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮ ಧಾರೆ ಚರ್ಮವನ್ನು ತೂರಿ ಒಳಹೊಕ್ಕು ಬೆರಳನ್ನೇ ಕಳೆದುಕೊಳ್ಳುವಂತೆ ಮಾಡಬಲ್ಲದು. ಚಾಲೂ ಇರುವ ಎಂಜಿನ್ನಿನ ಡೀಸೆಲ್ ಪೈಪನ್ನು ಎಂದೂ ಕೈಯಿಂದ ಸವರಿ ನೋಡಬೇಡಿ. ಈ ಪೈಪುಗಳ ಸೋರಿಕೆಯನ್ನು ತಿಳಿದ ಮೆಕ್ಯಾನಿಕ್ಕೇ ನೋಡಲಿ. ಆಕಸ್ಮಾತ್ ಧಾರೆ ತಗುಲಿದರೆ, ಗಾಯ ಸೂಜಿಮೊನೆಯಷ್ಟೇ ಇದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮಿಸ್ತ್ರಿಯ ಬಳಿಗೆ ಹೋಗುವಾಗ

ಕೆಲಸ ಮಾಡಿದವರ ಬಳಿಗೇ ಮೊದಲು ಹೋಗಿರಿ. ಬೇರೆಯವರು ಬಿಚ್ಚಿದ ಮೇಲೆ ತಪ್ಪು ಯಾರದೆಂದು ಹೇಳುವುದು ಕಷ್ಟ. ಬರಿಗೈಯಲ್ಲಿ ಹೋಗಿ "ನಿಮ್ಮ ಕೆಲಸ ಸರಿಯಿಲ್ಲ" ಎನ್ನುವ ಬದಲು ಒಂದು ಚೀಟಿ ಒಯ್ಯಿರಿ. ಗಾಡಿ ಮನೆಗೆ ಬಂದ ದಿನಾಂಕ, ಆಗಿನ ಮತ್ತು ಈಗಿನ ಕಿಲೋಮೀಟರ್, ದಿನವೂ ನೋಡಿದ ಆಯಿಲ್ ಮತ್ತು ಕೂಲಂಟ್ ಮಟ್ಟ, ಮೇಲಕ್ಕೆ ಸುರಿದ ಪ್ರಮಾಣ, ಯಾವ ಹೊತ್ತಿನಲ್ಲಿ ಸೋರುತ್ತದೆ ಎಂಬ ವಿವರ ಅದರಲ್ಲಿರಲಿ. ಕಲೆಯಾದ ರಟ್ಟನ್ನೂ ಒದ್ದೆ ಜಾಗದ ಫೋಟೋವನ್ನೂ ತೋರಿಸಿರಿ. ಪ್ರಾಮಾಣಿಕ ಮೆಕ್ಯಾನಿಕ್ ಇದನ್ನು ದೂರೆಂದು ತಿಳಿಯುವುದಿಲ್ಲ, ಅವನ ಕೆಲಸ ಹಗುರವಾಯಿತೆಂದು ತಿಳಿಯುತ್ತಾನೆ.

ಮುಂದಿನ ಸಲ ದೊಡ್ಡ ರಿಪೇರಿ ಮಾಡಿಸುವಾಗ, ಬದಲಾಯಿಸಿದ ಭಾಗಗಳ ಪಟ್ಟಿ ಇರುವ ಬಿಲ್ಲು, ಬಿಚ್ಚಿದ ಹಳೆಯ ಭಾಗಗಳು, ಎಷ್ಟು ದಿನದ ಅಥವಾ ಎಷ್ಟು ಕಿಲೋಮೀಟರಿನ ಭರವಸೆ ಎಂಬ ಬರಹ ಈ ಮೂರನ್ನೂ ಕೇಳಿ ಪಡೆಯಿರಿ. ಗೇರ್ ಬಾಕ್ಸ್ ಇಳಿಸಿದಾಗ ಹಿಂದಿನ ಸೀಲನ್ನೂ ನೋಡಿ, ಅಗತ್ಯವಿದ್ದರೆ ಆಗಲೇ ಬದಲಾಯಿಸಿರಿ. ಸೀಲಿನ ಬೆಲೆ ಅಲ್ಪ, ಮತ್ತೆ ಇಳಿಸುವ ಕೂಲಿ ಅಧಿಕ.

ಚೆಲ್ಲಿದ ದ್ರವದ ವಿಲೇವಾರಿ

ಕೂಲಂಟ್‌ನಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಎಂಬ ವಿಷವಿದೆ. ಅದು ಸಿಹಿಯಾಗಿರುವುದರಿಂದ ನಾಯಿ, ಕರುಗಳು ನೆಕ್ಕುವ ಸಂಭವವುಂಟು. ಮಕ್ಕಳಿಗೂ ಅಪಾಯ. ಚೆಲ್ಲಿದ್ದನ್ನು ಮರದ ಪುಡಿ ಅಥವಾ ಬೂದಿಯಿಂದ ಹೀರಿಸಿ ತೆಗೆಯಿರಿ, ಜಾಗವನ್ನು ತೊಳೆಯಿರಿ. ಹಳೆಯ ಆಯಿಲನ್ನು ಬಾವಿಯ ಹತ್ತಿರ, ಹೊಲದ ಬದುವಿಗೆ ಅಥವಾ ಚರಂಡಿಗೆ ಸುರಿಯಬೇಡಿ. ಡಬ್ಬಿಯಲ್ಲಿ ಕೂಡಿಟ್ಟು ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿರಿ.

ಬಾಂಧವರೆ, ಬೆಳೆಗೆ ರೋಗ ಬಂದಾಗ ಎಲೆಯ ಮೇಲಿನ ಚುಕ್ಕೆ ನೋಡಿದ ಕೂಡಲೇ ಔಷಧ ಸಿಂಪಡಿಸಬೇಡಿ, ಬೇರನ್ನೂ ಕಾಂಡವನ್ನೂ ನೋಡಿರಿ ಎಂದು ನಾವು ಹೇಳುತ್ತ ಬಂದಿದ್ದೇವೆ. ಗಾಡಿಯ ವಿಷಯದಲ್ಲಿಯೂ ಅದೇ ಮಾತು. ಇದಕ್ಕೆ ಬೇಕಾದದ್ದು ಒಂದು ಹಾಳೆ ಕಾಗದ, ಒಂದು ಬ್ರಷ್ಷು, ಒಂದು ಹಿಡಿ ಸೀಮೆಸುಣ್ಣದ ಪುಡಿ ಮತ್ತು ಅರ್ಧ ದಿನದ ತಾಳ್ಮೆ. ಇಷ್ಟರಿಂದ ಸಾವಿರಾರು ರೂಪಾಯಿ ಉಳಿಯುತ್ತದೆ, ಫಸಲು ಹೊತ್ತಿಗೆ ಸರಿಯಾಗಿ ಮಾರುಕಟ್ಟೆ ಸೇರುತ್ತದೆ, ಗಾಡಿ ಓಡಿಸುವವರು ಕ್ಷೇಮವಾಗಿ ಮನೆಗೆ ಮರಳುತ್ತಾರೆ. ವಿಸ್ತರಣಾ ಕಾರ್ಯಕರ್ತರು ತಮ್ಮ ಹಳ್ಳಿಗಳಲ್ಲಿ ಒಂದು ಗಾಡಿಯನ್ನು ನಿಲ್ಲಿಸಿ ಈ ಪರೀಕ್ಷೆಯನ್ನು ಒಮ್ಮೆ ಮಾಡಿ ತೋರಿಸಬೇಕೆಂದು ಕೋರುತ್ತೇನೆ.